ಕಾಸರಗೋಡಿನಿಂದ ಬೆಂಗಳೂರಿಗೆ ವಿಮಾನ: ಮಂಗಳೂರೋ, ಕಣ್ಣೂರೋ?

ನಕ್ಷೆ ನೋಡಿದರೆ ಕಣ್ಣೂರೇ ಗೆಲ್ಲುತ್ತದೆ. ಅಲ್ಲಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 275 ಕಿ.ಮೀ. ಮಂಗಳೂರಿನಿಂದಾದರೆ 305ರ ಹತ್ತಿರ. ಆದರೆ ಈ 30 ಕಿ.ಮೀ. ಆಕಾಶದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದು ಗಂಟೆಯ ಹಾರಾಟ.

ನಿಜವಾದ ಲೆಕ್ಕ ಇರುವುದು ನೆಲದ ಮೇಲೆ. ಕಾಸರಗೋಡು ಪೇಟೆಯಿಂದ ತಲಪಾಡಿ ದಾಟಿ ಮಂಗಳೂರು ವಿಮಾನ ನಿಲ್ದಾಣಕ್ಕೆ 60 ಕಿ.ಮೀ. ಚಿಲ್ಲರೆ. ನಮಗೆ ಅದು ಇನ್ನೂ ಹಳೆಯ ಹೆಸರಿನ ‘ಬಜ್ಪೆ’ಯೇ. ಕಣ್ಣೂರಿನ ನಿಲ್ದಾಣ ಇರುವುದು ಊರಲ್ಲಲ್ಲ, ಮಟ್ಟನ್ನೂರಿನಲ್ಲಿ. ಅಂದರೆ 110 ಕಿ.ಮೀ.ಗಿಂತ ಜಾಸ್ತಿ ರಸ್ತೆ. ಹಾರುವುದು ಒಂದು ಗಂಟೆ, ಅದಕ್ಕೆ ಮೂರು ಗಂಟೆ ಕಾರಲ್ಲಿ ಕೂರಬೇಕಾ? ರೈಲು ಹಿಡಿದರೂ ಅಷ್ಟೇ, ಕಣ್ಣೂರಿನಲ್ಲಿ ಇಳಿದು ಮತ್ತೆ 25 ಕಿ.ಮೀ.ಗೂ ಹೆಚ್ಚು ಹೋಗಬೇಕು.

ಮಂಜೇಶ್ವರ, ಕುಂಬಳೆಯವರು ಯೋಚನೆಯೇ ಮಾಡಬೇಕಾಗಿಲ್ಲ, ಮಂಗಳೂರೇ. ಕಾಞಂಗಾಡಿನವರಿಗೆ ಎರಡೂ ಹೆಚ್ಚುಕಡಿಮೆ ಒಂದೇ ದೂರ, ಅವರು ಟಿಕೆಟ್ ದರ ನೋಡಿಕೊಳ್ಳಲಿ. ಚೆರುವತ್ತೂರಿನ ಕಡೆಯವರಿಗೆ ಕಣ್ಣೂರೇ ಲೇಸು.

2018ರಲ್ಲಿ ಶುರುವಾದ ಕಣ್ಣೂರಿನ ರನ್‌ವೇ 3,050 ಮೀಟರ್, ಮಂಗಳೂರಿನದು 2,450. ಎರಡೂ ಗುಡ್ಡದ ನೆತ್ತಿಯ ಮೇಲಿನವೇ. ಉದ್ದ ರನ್‌ವೇ ಒಳ್ಳೆಯದೇ, ಆದರೆ ಅದಕ್ಕಾಗಿ ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಹೊರಡುವ ಆಸೆ ನನಗಂತೂ ಇಲ್ಲ.