ಜಿಮ್ನಿಗೆ ಹೊಸ ಶಾಕ್ಸ್: ಅಮ್ಮ ಮತ್ತೆ ಮುಂದಿನ ಸೀಟಿಗೆ ಬಂದರು

"ಇನ್ನು ನಿನ್ನ ಗಾಡಿ ಬೇಡ ಕಣೋ, ನಾನು ಬಸ್ಸಲ್ಲೇ ಬರ್ತೀನಿ."

ದೀಪಾವಳಿ ಮುಗಿಸಿ ಅಕ್ಕನ ಮನೆಯಿಂದ ಬೆಂಗಳೂರಿಗೆ ಬಂದು ಇಳಿದಾಗ ಅಮ್ಮ ಹೇಳಿದ ಮಾತು ಇದು. ಅಕ್ಕನ ಮನೆ ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ, ಕಾಫಿ ತೋಟದ ಒಳಗೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರದವರೆಗೆ ಹೆದ್ದಾರಿ. ಆದರೆ ತೋಟದ ಗೇಟು ಸಿಗುವ ಮುಂಚಿನ ಆರು ಕಿಲೋಮೀಟರ್ ಬರೀ ಕಲ್ಲು, ಕೆಸರು, ಮಳೆನೀರು ಕೊರೆದ ಗುಂಡಿ. ಅಮ್ಮನಿಗೆ 71 ವರ್ಷ. ಸೊಂಟ ನೋವು ಹಳೆಯದು. ಆ ದಿನ ಅವರು ಗಾಡಿಯಿಂದ ಇಳಿಯಲು ನನ್ನ ಹೆಗಲು ಹಿಡಿದುಕೊಂಡಿದ್ದರು.

ನನ್ನದು 2023ರ ಐದು ಬಾಗಿಲಿನ ಮಾರುತಿ ಜಿಮ್ನಿ. ಆಗ 42,000 ಕಿ.ಮೀ. ಓಡಿತ್ತು. ಕಂಪನಿಯಿಂದ ಬಂದ ಶಾಕ್ಸ್ (ಶಾಕ್ ಅಬ್ಸಾರ್ಬರ್) ಮೇಲೆ ನನಗೆ ದೂರಿಲ್ಲ, ಅಷ್ಟು ದೂರ ಚೆನ್ನಾಗಿಯೇ ದುಡಿದಿದ್ದವು. ನಾನು ಹೇರುತ್ತಿದ್ದ ಭಾರವೇ ಜಾಸ್ತಿ. ಪ್ರತಿ ಸಲ ವಾಪಸ್ ಬರುವಾಗ ಅಮ್ಮ, ಹೆಂಡತಿ, ಬ್ಯಾಗುಗಳು, ಅದರ ಮೇಲೆ ಅಕ್ಕ ತುಂಬಿ ಕಳಿಸುವ 50 ಕೆಜಿಯ ಎರಡು ಮೂಟೆ. ಬಗ್ಗಿ ನೋಡಿದರೆ ಹಿಂದಿನ ಎಡಗಡೆ ಶಾಕ್ ಮೇಲೆ ಎಣ್ಣೆ ಇಳಿದು ಮಣ್ಣು ಮೆತ್ತಿಕೊಂಡಿತ್ತು. ಬನಶಂಕರಿಯ ನಮ್ಮ ಬೀದಿಯ ಹಂಪ್ ದಾಟಿದರೆ ಹಿಂಭಾಗ ಮೂರು ಸಲ ಕುಣಿಯುತ್ತಿತ್ತು. ಒಂದು ಸಲ ಕುಣಿದು ನಿಲ್ಲಬೇಕು.

ತುಂಬಾ ಜನ ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯದಂತೆ ಹಿಡಿಯುವುದು ಶಾಕ್. ಒಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಬೇಕಾಗುತ್ತದೆ, ಕುಣಿತವೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಕಲ್ಲು ರಸ್ತೆ ಓಡಿಸಿ ಇಳಿದ ತಕ್ಷಣ ಶಾಕ್ ಮುಟ್ಟಬೇಡಿ, ಕೈ ಸುಡುತ್ತದೆ. ಅದು ಕೆಟ್ಟಿದೆ ಅಂತ ಅರ್ಥವಲ್ಲ, ಅದರ ಕೆಲಸವೇ ಅದು. ಆದರೆ ಬಿಸಿಯಾದ ಎಣ್ಣೆಯಲ್ಲಿ ಗಾಳಿ ಬೆರೆತು ನೊರೆ ಎದ್ದರೆ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಒಳ್ಳೆಯ ಶಾಕ್‌ಗಳಲ್ಲಿ, ನೊರೆ ಏಳದಿರಲಿ ಅಂತ, ಒತ್ತಡದಲ್ಲಿ ನೈಟ್ರೋಜನ್ ತುಂಬುತ್ತಾರೆ.

ನಾನು ಹಾಕಿಸಿದ್ದು ಓಲ್ಡ್ ಮ್ಯಾನ್ ಎಮು ನೈಟ್ರೋಚಾರ್ಜರ್. 1975ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ಎಆರ್‌ಬಿ ಕಂಪನಿಯ ಬ್ರ್ಯಾಂಡ್ ಅದು. ಮೊದಲು ನನ್ನ ಮನಸ್ಸು ಮೊನೊಟ್ಯೂಬ್ ಕಡೆಗಿತ್ತು, ಬಿಸಿ ಬೇಗ ಹೊರಹಾಕುತ್ತದೆ ಅಂತ. ಆದರೆ ಅದರಲ್ಲಿ ಇರುವುದು ಒಂದೇ ಕೊಳವೆ. ಪಿಸ್ಟನ್ ಆ ಹೊರಗೋಡೆಗೇ ಅಂಟಿ ಓಡುತ್ತದೆ. ಕಲ್ಲು ಬಡಿದು ಕೊಳವೆ ನೆಗ್ಗಿದರೆ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ನೈಟ್ರೋಚಾರ್ಜರ್ ಎರಡು ಕೊಳವೆಯದ್ದು, ಹೊರಗಿನದು ಸ್ವಲ್ಪ ನೆಗ್ಗಿದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ನಮ್ಮ ತೋಟದ ದಾರಿಗೆ ಇದೇ ಸರಿ ಅನ್ನಿಸಿತು.

ಅಂಗಡಿಯ ಹುಡುಗನನ್ನು ಇಲ್ಲಿ ಹೊಗಳಲೇಬೇಕು. ನಾನು ಶಾಕ್ ಜೊತೆಗೆ ಜಾಸ್ತಿ ಭಾರ ಹೊರುವ ಹೆವಿ ಸ್ಪ್ರಿಂಗ್ ಕೊಡಿ ಅಂದೆ. ಅವನು ತಕ್ಷಣ ಬಿಲ್ ಬರೆಯಲಿಲ್ಲ. "ಮುಂದೆ ಸ್ಟೀಲ್ ಬಂಪರ್ ಇದೆಯಾ ಸರ್? ವಿಂಚ್? ಮೇಲೆ ಕ್ಯಾರಿಯರ್?" ಅಂತ ಕೇಳಿದ. ಏನೂ ಇಲ್ಲ ಅಂದೆ. "ಹಾಗಾದ್ರೆ ಬೇಡ ಸರ್. ಖಾಲಿ ಗಾಡಿಯಲ್ಲಿ ಅಮ್ಮನಿಗೆ ಇನ್ನೂ ಜಾಸ್ತಿ ಹೊಡೆತ ಬೀಳತ್ತೆ" ಅಂದ. ಮೀಡಿಯಂ ತೆಗೆದುಕೊಂಡೆ. ಗಾಡಿ ಸುಮಾರು 40 ಎಂಎಂ ಎತ್ತರವಾಯಿತು.

ತಪ್ಪಾಗಿದ್ದು ಫಿಟ್ಟಿಂಗ್‌ನಲ್ಲಿ. ಮನೆಗೆ ಹತ್ತಿರ ಅಂತ ಒಂದು ಗ್ಯಾರೇಜಿಗೆ ಕೊಟ್ಟೆ. ಮಧ್ಯಾಹ್ನಕ್ಕೇ ಮುಗಿಸಿ ಕೊಟ್ಟರು. ಎರಡು ತಿಂಗಳಿಗೆ ಹಿಂದಿನಿಂದ ಕಿರ್ ಕಿರ್ ಸದ್ದು ಶುರುವಾಯಿತು. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಸ್ಟೀರಿಂಗ್. ಚನ್ನರಾಯಪಟ್ಟಣದ ಹತ್ತಿರ 90ರಲ್ಲಿ ಹೋಗುವಾಗ ಗಾಡಿ ತೇಲಿದ ಹಾಗೆ ಆಯಿತು. ನೆಟ್ಟಗೆ ಹಿಡಿದರೂ ಅತ್ತ ಇತ್ತ ಎಳೆಯುತ್ತಿತ್ತು. ಹೆಂಡತಿ ಪಕ್ಕದಲ್ಲಿದ್ದಳು. 60ಕ್ಕೆ ಇಳಿಸಿ ಎಡಗಡೆಯಲ್ಲೇ ಬೆಂಗಳೂರು ಸೇರಿದೆ.

ಆಮೇಲೆ ಸಿಕ್ಕವರು ವಿಲ್ಸನ್ ಗಾರ್ಡನ್‌ನ ಒಂದು ಸಣ್ಣ ಶೆಡ್ಡಿನ ಹಿರಿಯ ಮೆಕ್ಯಾನಿಕ್. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುತ್ತಾರೆ. ಗಾಡಿ ಕೆಳಗೆ ಟಾರ್ಚ್ ಹಾಕಿ ನೋಡಿದರು, ಬೋಲ್ಟ್ ಕೂರುವ ಜಾಗದ ರಬ್ಬರ್ ತುಂಡು, ಅಂದರೆ ಬುಷ್ ಮೇಲೆ ಬೆರಳಿಟ್ಟು ತೋರಿಸಿದರು. ರಬ್ಬರ್ ತಿರುಚಿ ಹರಿದಿತ್ತು. "ಲಿಫ್ಟ್ ಮೇಲೆ ಚಕ್ರ ನೇತಾಡ್ತಿರುವಾಗಲೇ ಬೋಲ್ಟ್ ಫುಲ್ ಟೈಟ್ ಮಾಡಿದಾರೆ ಸರ್. ಗಾಡಿ ನೆಲಕ್ಕೆ ಇಳಿದು, ತನ್ನ ತೂಕದ ಮೇಲೆ ನಿಂತ ಮೇಲೆ ಟೈಟ್ ಮಾಡ್ಬೇಕು. ಇಲ್ಲಾಂದ್ರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇರತ್ತೆ." ಎಷ್ಟು ಚಿಕ್ಕ ಕೆಲಸ, ಅಲ್ವಾ? ಲಿಫ್ಟ್ ಇಳಿಸಿ ಹತ್ತು ನಿಮಿಷ ಕಾದಿದ್ದರೆ ಸಾಕಿತ್ತು.

ಸ್ಟೀರಿಂಗ್‌ನ ಕಾರಣವನ್ನು ಸೈಕಲ್ ಉದಾಹರಣೆ ಕೊಟ್ಟು ಹೇಳಿದರು. ಸೈಕಲ್‌ನ ಮುಂದಿನ ಫೋರ್ಕ್ ಓರೆಯಾಗಿರುತ್ತದೆ, ಅದಕ್ಕೇ ಹ್ಯಾಂಡಲ್ ತಾನಾಗಿ ನೆಟ್ಟಗಾಗುತ್ತದೆ. ಗಾಡಿಯಲ್ಲಿ ಆ ಓರೆಗೆ ಕ್ಯಾಸ್ಟರ್ ಅನ್ನುತ್ತಾರೆ. ಜಿಮ್ನಿಗೆ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್, ಅಂದರೆ ಎಡ ಬಲ ಚಕ್ರ ಎರಡನ್ನೂ ಸೇರಿಸುವ ಒಂದೇ ಗಟ್ಟಿ ದಂಡ. ಬಾಡಿ ಮೇಲೆದ್ದರೆ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಆ ಓರೆ ಕಡಿಮೆಯಾಗುತ್ತದೆ. ಜೊತೆಗೆ ಆಕ್ಸಲ್ ಪಕ್ಕಕ್ಕೆ ಜರುಗದಂತೆ ಹಿಡಿಯುವ ಲ್ಯಾಟರಲ್ ರಾಡ್ ಇದೆಯಲ್ಲ, ಗಾಡಿ ಎತ್ತರವಾದಾಗ ಅದೇ ಆಕ್ಸಲನ್ನು ಒಂದು ಬದಿಗೆ ಎಳೆಯುತ್ತದೆ.

ಹರಿದ ಬುಷ್ ಬದಲಾಯಿತು. ಕ್ಯಾಸ್ಟರ್ ಸರಿಪಡಿಸುವ ಬುಷ್, ಉದ್ದ ಹೊಂದಿಸಬಹುದಾದ ಲ್ಯಾಟರಲ್ ರಾಡ್ ಬಂದವು. ವೀಲ್ ಅಲೈನ್‌ಮೆಂಟ್ ಆಯಿತು. ಹೆಡ್‌ಲೈಟ್ ಕೂಡ ಭಾಯ್ ಕೆಳಗಿಳಿಸಿದರು, ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಎಲ್ಲಾ ಸೇರಿ ನನಗೆ ಒಂದೂವರೆ ಲಕ್ಷದ ಹತ್ತಿರ ಖರ್ಚಾಯಿತು.

ಈಗ ಹಂಪ್ ದಾಟಿದರೆ ಗಾಡಿ ಒಂದು ಸಲ ಕೂತು ಎದ್ದು ಸುಮ್ನೆ ನಿಲ್ಲುತ್ತದೆ. ನೈಸ್ ರಸ್ತೆಯಲ್ಲಿ ಸ್ಟೀರಿಂಗ್ ಗಟ್ಟಿ. ಎರಡು ಮೂಟೆ ಹಾಕಿದರೂ ಹಿಂಭಾಗ ಜೋತು ಬೀಳುವುದಿಲ್ಲ. ಒಬ್ಬನೇ ಖಾಲಿ ಗಾಡಿಯಲ್ಲಿ ಹೋದರೆ ಸಣ್ಣ ಗುಂಡಿಗಳು ಸ್ವಲ್ಪ ಗೊತ್ತಾಗುತ್ತವೆ. ಭಾರಕ್ಕೆ ಆರಿಸಿದ ಸ್ಪ್ರಿಂಗ್ ಅದು, ಆ ಲೆಕ್ಕ ನನಗೆ ಒಪ್ಪಿಗೆ. ಯುಗಾದಿಗೆ ಅಮ್ಮ ಮತ್ತೆ ಬಂದರು. ಕೊನೆಯ ಆರು ಕಿ.ಮೀ.ಗೆ ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸಿದೆ. ಅಕ್ಕನ ಅಂಗಳದಲ್ಲಿ ಅಮ್ಮ ಯಾರ ಹೆಗಲೂ ಹಿಡಿಯದೆ ಇಳಿದು ನೇರವಾಗಿ ಅಡುಗೆಮನೆಗೆ ಹೋದರು.

ಊರೊಳಗೇ ಓಡಿಸುವವರಿಗೆ, ಎತ್ತರ ಚೆನ್ನಾಗಿ ಕಾಣುತ್ತೆ ಅಂತ ಹಾಕಿಸುವವರಿಗೆ ನಾನು ಬೇಡ ಅನ್ನುತ್ತೇನೆ. ಮೊದಲು ಟೈರ್ ಗಾಳಿ ಸರಿ ಇದೆಯಾ ನೋಡಿ, ಅರ್ಧ ಕುಲುಕಾಟ ಅಲ್ಲೇ ಹೋಗಬಹುದು. ಹಾಕಿಸುವುದಾದರೆ ವಿಮೆ ಕಂಪನಿಗೆ ಮೊದಲೇ ಬರೆದು ತಿಳಿಸಿ. ಬೋಲ್ಟ್ ಟೈಟ್ ಮಾಡುವ ಹೊತ್ತಿಗೆ ಗ್ಯಾರೇಜಿನಲ್ಲೇ ನಿಂತಿರಿ, ಗಾಡಿ ನೆಲದ ಮೇಲಿದೆಯಾ ಅಂತ ಕಣ್ಣಾರೆ ನೋಡಿ. 1,000 ಕಿ.ಮೀ. ಆದ ಮೇಲೆ ಎಲ್ಲಾ ಬೋಲ್ಟ್‌ಗಳನ್ನು ಇನ್ನೊಂದು ಸಲ ನೋಡಿಸಿ. ನನ್ನ ಗಾಡಿಯಲ್ಲಿ ಎರಡು ಬೋಲ್ಟ್‌ಗಳು ಅರ್ಧ ಸುತ್ತು ಸಡಿಲವಾಗಿದ್ದವು.