ಹಳ್ಳದ ದಂಡೆಗೆ ಗೇಬಿಯನ್ ಪೆಟ್ಟಿಗೆ: ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ

ಹಳ್ಳ ದಂಡೆ ಕೊರೆಯುತ್ತಾ ರಸ್ತೆಯ ಅಂಚಿಗೋ ಸೇತುವೆಯ ಬುಡಕ್ಕೋ ಬಂದಾಗ ಮೊದಲು ನೆನಪಾಗುವುದು ಕಲ್ಲು ತುಂಬುವ ತಂತಿಪೆಟ್ಟಿಗೆ, ಅಂದರೆ ಗೇಬಿಯನ್. ಇಲ್ಲಿ ನೋಡುತ್ತಿರುವುದು 2×1×1 ಮೀಟರ್ ಅಳತೆಯ, ಪಿವಿಸಿ ಹೊದಿಕೆಯ, ಹೆಣೆದ ಬಲೆಯ ಪೆಟ್ಟಿಗೆ. ಸರಕು ಒಳ್ಳೆಯದೇ. ಕೆಡುವುದು ಹೆಚ್ಚಾಗಿ ಅದರ ಬುಡದಲ್ಲಿ ಮತ್ತು ಬೆನ್ನಲ್ಲಿ.

ಪೆಟ್ಟಿಗೆಗಳು ಮಡಚಿದ ಕಟ್ಟಾಗಿ ಬರುತ್ತವೆ. ಬಲೆಯ ಕಣ್ಣು 80×100 ಮಿ.ಮೀ., ತಂತಿ 2.7, ಅಂಚಿನದು 3.4, ಹೊಲಿಯುವ ತಂತಿ 2.2 ಮಿ.ಮೀ. ಇರಬೇಕು. ಪಿವಿಸಿ ಸೇರಿದರೆ ಬಲೆಯ ತಂತಿ ಹೊರಗಿನಿಂದ 3.7 ತೋರಿಸುತ್ತದೆ. ಅದನ್ನು ನಂಬದೆ, ತುದಿಯಲ್ಲಿ ಹೊದಿಕೆ ಕೆರೆದು ಒಳಗಿನ ತಂತಿಗೆ ಕ್ಯಾಲಿಪರ್ ಹಿಡಿಯಿರಿ. ತಂತಿಗಳು ಎರಡು ಸುತ್ತು ಹೆಣೆದುಕೊಂಡಿರುವುದರಿಂದ ಒಂದು ತುಂಡಾದರೂ ಬಲೆ ಬಿಚ್ಚಿಕೊಳ್ಳುವುದಿಲ್ಲ. ಕೆಳಗಿನ ಮಣ್ಣು ಕುಸಿದರೆ ಪೆಟ್ಟಿಗೆ ಬಾಗಿ ಕೂರುತ್ತದೆ. ಬೆಸುಗೆ ಹಾಕಿದ ಬಲೆಗೆ ಈ ಗುಣವಿಲ್ಲ, ಹೆಚ್ಚು ಕುಸಿದರೆ ಬೆಸುಗೆ ಬಿಡುತ್ತದೆ. ಉದ್ಯಾನದ ಗೋಡೆಗೆ ಅದು ಸಾಕು, ಹಳ್ಳಕ್ಕೆ ಬೇಡ.

ತುಂಬುವ ಕಲ್ಲು 100ರಿಂದ 250 ಮಿ.ಮೀ., ಗಟ್ಟಿ, ನೀರಿಗೆ ಪುಡಿಯಾಗದ್ದು. ಲಾರಿಯಿಂದ ಸುರಿದರೆ ಹೊಟ್ಟೆ ಉಬ್ಬುವುದು ಖಚಿತ. ಮೂರು ಪದರದಲ್ಲಿ ತುಂಬಿ, ಹೊರಮುಖದ ಕಲ್ಲುಗಳನ್ನು ಕೈಯಲ್ಲೇ ಜೋಡಿಸಿ, ಪ್ರತಿ ಮೂರನೇ ಒಂದು ಭಾಗ ತುಂಬಿದ ಮೇಲೆ ಹಿಂದು-ಮುಂದಿನ ಬಲೆಗಳನ್ನು ಅಡ್ಡತಂತಿಯಿಂದ ಬಿಗಿಯಿರಿ. ಕಲ್ಲು ಆಮೇಲೆ ಇಳಿಯುತ್ತದೆ, ಆದ್ದರಿಂದ ಅಂಚಿಗಿಂತ 25–50 ಮಿ.ಮೀ. ಎತ್ತರಕ್ಕೆ ತುಂಬಿ ಮುಚ್ಚಳ ಎಳೆಯಿರಿ. ಹೊಲಿಗೆ ಒಂಟಿ ಸುತ್ತು, ಜೋಡಿ ಸುತ್ತು ಸರದಿಯಲ್ಲಿ, ಸುಮಾರು 100 ಮಿ.ಮೀ.ಗೊಂದು. ತುಂಬಿದ ಪೆಟ್ಟಿಗೆ ಮೂರು ಟನ್ ದಾಟುತ್ತದೆ, ಜಾಗ ತಪ್ಪಿದರೆ ಸರಿಸಲು ಆಗದು. ಖಾಲಿ ಇರುವಾಗಲೇ ಪಕ್ಕದ ಪೆಟ್ಟಿಗೆಗೆ ಹೊಲಿದು, ದಾರ ಹಿಡಿದು ನೇರ ಮಾಡಿಕೊಳ್ಳಿ.

ಇನ್ನು ಬುಡ. ಪ್ರವಾಹದಲ್ಲಿ ಹಳ್ಳದ ತಳವೇ ಕೆಳಗಿಳಿಯುತ್ತದೆ. ಪೆಟ್ಟಿಗೆ ಆ ಕೊರೆತದ ಆಳಕ್ಕಿಂತ ಕೆಳಗೆ ಕೂರದಿದ್ದರೆ ಇಡೀ ಸಾಲು ಹಳ್ಳಕ್ಕೆ ವಾಲುತ್ತದೆ. ಅಷ್ಟು ಅಗೆಯಲಾಗದಿದ್ದರೆ ಮುಂದೆ ತೆಳ್ಳನೆಯ ಗೇಬಿಯನ್ ಹಾಸಿಗೆ ಹಾಸಬೇಕು. ಅದರ ಉದ್ದ ಕೊರೆತದ ಆಳದ ಒಂದೂವರೆಯಿಂದ ಎರಡು ಪಟ್ಟು ಇದ್ದರೆ, ತಳ ಇಳಿದಂತೆ ಅದೂ ಬಾಗಿ ಬುಡ ಮುಚ್ಚುತ್ತದೆ. ಬೆನ್ನಿಗೆ ನೀರು ಬಿಟ್ಟು ಮಣ್ಣು ತಡೆಯುವ, ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ ಬೇಕೇ ಬೇಕು, ಒಂದರ ಅಂಚು ಇನ್ನೊಂದರ ಮೇಲೆ 300 ಮಿ.ಮೀ. ಬರುವಂತೆ ಹೊದೆಸಿ. ಇಲ್ಲದಿದ್ದರೆ ನೆರೆ ಇಳಿಯುವಾಗ ದಂಡೆಯ ನೀರು ನುಣ್ಣನೆಯ ಮಣ್ಣನ್ನು ಕಲ್ಲಿನ ಸಂದಿಯಿಂದ ಎಳೆದುಕೊಂಡು ಹೋಗುತ್ತದೆ. ಮೇಲಿನ ರಸ್ತೆಯಲ್ಲಿ ಅಂಚಿಗೆ ಸಮಾನಾಂತರ ಬಿರುಕು ಕಂಡರೆ ಮೊದಲ ಅನುಮಾನ ಇದರ ಮೇಲಿರಲಿ. ಸಾಲಿನ ಎರಡೂ ತುದಿಗಳನ್ನು ದಂಡೆಯೊಳಕ್ಕೆ ತಿರುಗಿಸಿ ಹುದುಗಿಸಿ, ಇಲ್ಲವಾದರೆ ನೀರು ಹಿಂದಿನಿಂದ ದಾರಿ ಮಾಡಿಕೊಳ್ಳುತ್ತದೆ.

ದುಂಡುಗಲ್ಲು ಉರುಳುವ ಕಡಿದಾದ ಹಳ್ಳಗಳಿಗೆ ಇದನ್ನು ಕೊಳ್ಳಬೇಡಿ. ಉರುಳುವ ಕಲ್ಲು ಮೊದಲು ಪಿವಿಸಿ, ಆಮೇಲೆ ಅದರಡಿಯ ಸತುವಿನ ಲೇಪ, ಕೊನೆಗೆ ತಂತಿಯನ್ನೇ ಸವೆಸುತ್ತದೆ. ಅಲ್ಲಿ ರಿಪ್‌ರಾಪ್, ಅಂದರೆ ದಂಡೆಗೆ ಬಿಡಿಯಾಗಿ ಹಾಸುವ ದೊಡ್ಡ ಬಂಡೆಗಳ ಹೊದಿಕೆ, ಹೆಚ್ಚು ಬಾಳುತ್ತದೆ.