ಜಾತ್ರೆಯಲ್ಲಿ ಎಂಟು ಟ್ರ್ಯಾಕ್ ರೆಕಾರ್ಡಿಂಗ್: ಮೂರು ಲ್ಯಾಪ್‌ಟಾಪ್‌ಗಳ ಹೋಲಿಕೆ

ರೆಕಾರ್ಡಿಂಗ್‌ಗೆ ಲ್ಯಾಪ್‌ಟಾಪ್ ಬೇಕು ಅಂದ ಕೂಡಲೇ ಅಂಗಡಿಯವರು ಪ್ರೊಸೆಸರ್ ಬಗ್ಗೆ ಮಾತು ಶುರು ಮಾಡುತ್ತಾರೆ. ನಾನು ಬಾಗಲಕೋಟೆ ಸುತ್ತಿನ ಹಳ್ಳಿಗಳಲ್ಲಿ ಗೀಗಿ ಪದ, ಡೊಳ್ಳಿನ ಪದ, ಭಜನೆ ರೆಕಾರ್ಡ್ ಮಾಡುತ್ತೇನೆ. ಈ ಕೆಲಸಕ್ಕೆ ಅಷ್ಟೊಂದು ಶಕ್ತಿ ಬೇಕಿಲ್ಲ. ಲೆಕ್ಕ ಹಾಕಿ ನೋಡಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಎಂಟು ಮೈಕ್ ಸೇರಿದರೂ ಸೆಕೆಂಡಿಗೆ ಸುಮಾರು 1.15 ಎಂಬಿ. ತಾಸಿಗೆ 4 ಜಿಬಿ ಚಿಲ್ಲರೆ. ಗೀಗಿ ಪದದಲ್ಲಿ ಒಬ್ಬರಿಗೊಬ್ಬರು ಸವಾಲು ಹಾಕುವ ಹರದೇಶಿ, ನಾಗೇಶಿ ಮೇಳಗಳು ಎದುರುಬದುರು ಕೂತು ಆರು ತಾಸು ಹಾಡಿದರೂ 25 ಜಿಬಿಯಲ್ಲಿ ಮುಗಿಯುತ್ತದೆ. ಹಳೆಯ ಎಸ್‌ಎಸ್‌ಡಿಗೂ ಇದು ಭಾರವಲ್ಲ.

ಕಾಡುವುದು ಫ್ಯಾನಿನ ಸದ್ದು, ಕರೆಂಟು, ಧೂಳು. ಮೂರು ಲ್ಯಾಪ್‌ಟಾಪ್‌ಗಳನ್ನು ನಾನು ಅಳೆದದ್ದೂ ಇದರ ಮೇಲೆಯೇ. ಮೈಕ್‌ಗಳ ದನಿಯನ್ನು ಲ್ಯಾಪ್‌ಟಾಪ್‌ಗೆ ಮುಟ್ಟಿಸುವ ಪೆಟ್ಟಿಗೆ, ಅಂದರೆ ಇಂಟರ್ಫೇಸ್, ಮೂರಕ್ಕೂ ಒಂದೇ, ಬೆಹ್ರಿಂಗರ್ ಯುಎಂಸಿ1820. ಸಾಫ್ಟ್‌ವೇರ್ ರೀಪರ್. ಅದು 60 ದಿನ ಪುಕ್ಕಟೆ ಸಿಗುತ್ತದೆ, ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್. ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ.

ಮೊದಲು ಗೆಳೆಯನ ಗೇಮಿಂಗ್ ಲ್ಯಾಪ್‌ಟಾಪ್. ಕಂಪನಿ ಹೆಸರು ಬೇಡ. ಕಾಗದದ ಮೇಲೆ ಮೂರರಲ್ಲೂ ಇದೇ ಜೋರು. ಡೊಳ್ಳಿನ ಮುಂದೆ ಇಟ್ಟರೆ ಪರವಾಗಿಲ್ಲ, ಆ ಸದ್ದಿನಲ್ಲಿ ಫ್ಯಾನ್ ಯಾರಿಗೆ ಕೇಳುತ್ತದೆ? ಆದರೆ ಮಠದ ಪಡಸಾಲೆಯಲ್ಲಿ ಒಬ್ಬರೇ ಏಕತಾರಿ ಹಿಡಿದು ತತ್ವಪದ ಹಾಡುವಾಗ ಸೂಕ್ಷ್ಮ ದನಿಗೂ ಕಿವಿಗೊಡುವ ಕಂಡೆನ್ಸರ್ ಮೈಕ್ ಫ್ಯಾನಿನ ಸದ್ದನ್ನೂ ಹಿಡಿಯಿತು. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಅದನ್ನು ತೆಗೆಯಲು ಹೋದರೆ ಏಕತಾರಿಯ ಝೇಂಕಾರವೂ ಅದರ ಜೊತೆ ಹೋಗುತ್ತದೆ. ಇನ್ನೊಂದು ತಲೆನೋವು, ನಡುನಡುವೆ 'ಟಕ್ ಟಕ್' ಅಂತ ದನಿ ಕಡಿಯುವುದು. ದನಿ ಯಾಕೆ ಕಡಿಯುತ್ತಿದೆ ಅಂತ ಹುಡುಕುವ ಲೇಟೆನ್ಸಿಮಾನ್ ಅನ್ನುವ ಸಾಫ್ಟ್‌ವೇರ್ ಓಡಿಸಿ ನೋಡಿದಾಗ ಗ್ರಾಫಿಕ್ಸ್ ಮತ್ತು ವೈಫೈ ಡ್ರೈವರ್‌ಗಳು ಸಿಕ್ಕಿಬಿದ್ದವು. ಗ್ರಾಫಿಕ್ಸ್ ಕಾರ್ಡ್, ವೈಫೈ ಎರಡನ್ನೂ ಬಂದ್ ಮಾಡಿದ ಮೇಲೆ ಸರಿಹೋಯಿತು. ದುಡ್ಡು ಸುರಿದು ತಂದ ಗ್ರಾಫಿಕ್ಸ್ ಕಾರ್ಡನ್ನು ಬಂದ್ ಮಾಡಿ ಕೂರುವುದಾದರೆ ಅದು ಯಾಕೆ ಬೇಕು, ಅಲ್ವಾ? ಬ್ಯಾಟರಿಯಂತೂ ಮೇಳ ಕಾವೇರುವ ಮುಂಚೆಯೇ ಮುಗಿಯುತ್ತದೆ. ಚಾರ್ಜರ್ ಹಾಕಿದರೆ ಪೆಂಡಾಲಿನ ಕರೆಂಟಿನಲ್ಲಿ 'ಗುಂಯ್' ಅನ್ನುವ ಹಮ್ಮಿಂಗ್. ಇದು ಮನೆಯಲ್ಲೇ ಇದ್ದು ಮಿಕ್ಸಿಂಗ್ ಮಾಡಿಕೊಂಡಿರಲಿ.

ಎರಡನೆಯದು ಮ್ಯಾಕ್‌ಬುಕ್ ಏರ್, 2020ರ ಎಂ1 ಚಿಪ್ಪಿನದು, 8 ಜಿಬಿ ರ‍್ಯಾಮ್. ಇದರಲ್ಲಿ ಫ್ಯಾನೇ ಇಲ್ಲ. ಹಾಡುವವರ ಮೊಣಕಾಲ ಪಕ್ಕದಲ್ಲಿ ಇಟ್ಟರೂ ಮೈಕ್‌ಗೆ ಗೊತ್ತಾಗುವುದಿಲ್ಲ. ಯುಎಂಸಿ1820ಕ್ಕೆ ಡ್ರೈವರ್ ಹಾಕುವ ಗೋಜೂ ಇಲ್ಲ, ಚುಚ್ಚಿದರೆ ಆಯಿತು. ರಾತ್ರಿಯಿಡೀ ಚಾರ್ಜರ್ ಮುಟ್ಟದೆ ರೆಕಾರ್ಡ್ ಮಾಡಿದ್ದೇನೆ. ಬೀರಪ್ಪನ ಜಾತ್ರೆಯಲ್ಲಿ ಇನ್ನೊಂದು ಲಾಭ ಕಂಡೆ. ಭಂಡಾರ ಎರಚಿದಾಗ ಗಾಳಿಯೆಲ್ಲ ಹಳದಿ. ಫ್ಯಾನಿರುವ ಲ್ಯಾಪ್‌ಟಾಪ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಇದನ್ನು ಒರೆಸಿದರೆ ಸಾಕು.

ಕೊರತೆಗಳೂ ಇವೆ. ಇರುವುದು ಎರಡೇ ಟೈಪ್-ಸಿ ಕಿಂಡಿ. ಇಂಟರ್ಫೇಸ್‌ಗೆ ಒಂದು, ಬ್ಯಾಕಪ್ ಡಿಸ್ಕಿಗೆ ಒಂದು ಕೊಟ್ಟರೆ ಚಾರ್ಜರ್‌ಗೆ ಹಬ್ ಬೇಕು. ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಸುತ್ತಲಿನ ಶಾಖ 35 ಡಿಗ್ರಿ ದಾಟಬಾರದು ಎಂದು ಆಪಲ್ ಹೇಳುತ್ತದೆ. ನಮ್ಮ ಏಪ್ರಿಲ್ ಮಧ್ಯಾಹ್ನ 40 ದಾಟುವುದು ಮಾಮೂಲಿ. ಬಿಸಿಯಾದರೆ ಅದು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಬರೀ ರೆಕಾರ್ಡಿಂಗ್‌ಗೆ ಅಷ್ಟು ಬಿಸಿ ಏರುವುದಿಲ್ಲ, ಆದರೂ ನೆರಳಲ್ಲೇ ಇಡಿ. ಮಿಕ್ಸಿಂಗ್ ರಾತ್ರಿ ಮಾಡಿಕೊಳ್ಳಿ.

ಮೂರನೆಯದು ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480. 2018ರ ಮಾದರಿ, ಎಂಟನೇ ತಲೆಮಾರಿನ ಐ5. ನೋಡಲು ಸರ್ಕಾರಿ ಕಚೇರಿಯ ಸಾಮಾನಿನ ಹಾಗಿದೆ. ಆದರೆ ಇದರ ಬ್ಯಾಟರಿ ವ್ಯವಸ್ಥೆಗೆ ನಾನು ಸೋತುಹೋದೆ. ಒಳಗೊಂದು ಬ್ಯಾಟರಿ, ಹಿಂದೆ ಬಿಚ್ಚಬಹುದಾದ ಇನ್ನೊಂದು. ಹಿಂದಿನದು ಖಾಲಿಯಾದರೆ ಲ್ಯಾಪ್‌ಟಾಪ್ ಆಫ್ ಮಾಡದೆ, ರೆಕಾರ್ಡಿಂಗ್ ನಿಲ್ಲಿಸದೆ ಬೇರೆಯದನ್ನು ಸಿಕ್ಕಿಸಬಹುದು. ಹಳೇ ಮಾದರಿಯ ಯುಎಸ್‌ಬಿ ಕಿಂಡಿ ಎರಡು, ಟೈಪ್-ಸಿ ಎರಡು, ಕ್ಯಾಮೆರಾದ ಎಸ್‌ಡಿ ಕಾರ್ಡಿಗೂ ಜಾಗ. ರ‍್ಯಾಮ್, ಎಸ್‌ಎಸ್‌ಡಿ ಎರಡನ್ನೂ ನಮ್ಮೂರ ರಿಪೇರಿ ಅಂಗಡಿಯಲ್ಲೇ ಬದಲಿಸಬಹುದು. ಫ್ಯಾನ್ ಇದೆ, ಆದರೆ ರೆಕಾರ್ಡಿಂಗ್ ಹೊತ್ತಿನಲ್ಲಿ ಮೆಲ್ಲಗೆ ತಿರುಗುತ್ತದೆ. ಮೈಕ್‌ನಿಂದ ನಾಲ್ಕು ಮಾರು ದೂರ ಇಟ್ಟರೆ ಸಾಕು. ವಿಂಡೋಸ್‌ನಲ್ಲಿ ದನಿ ತಡವಾಗದಂತೆ ನೋಡಿಕೊಳ್ಳುವ ಎಎಸ್‌ಐಒ ಡ್ರೈವರ್ ಹಾಕಬೇಕು, ವಿಂಡೋಸ್ ಅಪ್‌ಡೇಟ್ ತಡೆಹಿಡಿಯಬೇಕು. ದನಿ ತಿದ್ದುವ ಪ್ಲಗಿನ್ ಜಾಸ್ತಿ ಹಾಕಿ ಮಿಕ್ಸ್ ಮಾಡಿದರೆ ತಿಣುಕುತ್ತದೆ. ಅಲ್ಲಿ ಎಂ1 ಬಹಳ ಮುಂದೆ.

ಏಕತಾರಿ, ತುಂತುಣಿಯಂಥ ಸಣ್ಣ ದನಿಯ ಕೆಲಸವೇ ಹೆಚ್ಚಾದರೆ ಮ್ಯಾಕ್ ತಗೊಳ್ಳಿ. ಬಯಲಲ್ಲಿ, ಜಾತ್ರೆಯಲ್ಲಿ ಸುತ್ತುವವರಿಗೆ ನಾನು ಹೇಳುವುದು ಟಿ480. ನನ್ನ ಬ್ಯಾಗಿನಲ್ಲಿ ಈಗ ಇರುವುದೂ ಅದೇ. ಉಳಿದ ದುಡ್ಡಿನಲ್ಲಿ ಒಂದು ಸಣ್ಣ ಯುಪಿಎಸ್ ತರಲೇಬೇಕು. ಯುಎಂಸಿ1820 ಗೋಡೆಯ ಕರೆಂಟಿನ ಮೇಲೆಯೇ ನಡೆಯುವುದು. ಕರೆಂಟು ಹೋದರೆ ಲ್ಯಾಪ್‌ಟಾಪ್ ಓಡುತ್ತಿದ್ದರೂ ಎಂಟೂ ಮೈಕ್ ಬಂದ್. ಯುಪಿಎಸ್ ಕೊಳ್ಳುವಾಗ ಬೀಪ್ ಸದ್ದು ಆಫ್ ಮಾಡಲು ಬರುತ್ತದೆಯೇ ಅಂತ ಅಂಗಡಿಯಲ್ಲೇ ಪರೀಕ್ಷಿಸಿ.